ಗೇಟಿನ ಕೆಲಸ ತಂಗಿಗೆ ಹೇಳಿಕೊಡಲಿಲ್ಲ

ನನ್ನ ತಂಗಿಗೆ ಶಾಲೆಯ ಗೇಟಿನ ಕೆಲಸವನ್ನು ಹೇಳಿಕೊಡಬೇಕಾದವಳು ನಾನು. ಹೇಳಿಕೊಡಲಿಲ್ಲ. ಮರೆತು ಬಿಟ್ಟದ್ದಲ್ಲ, ಗೊತ್ತಿದ್ದೇ ಬಿಟ್ಟೆ.

ಬ್ಯಾಡಗಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಆಯಾ. ನಾಲ್ಕನೇ ಇಯತ್ತೆಯವರೆಗೆ ಓದಿದ್ದೇನೆ. ನಾನು ಸೇರಿದಾಗ ಕಸಬರಿಗೆ ಎಲ್ಲಿದೆ, ಗಂಟೆ ಎಲ್ಲಿದೆ ಎಂದು ತೋರಿಸಿದರು, ಅಷ್ಟೇ. ಉಳಿದದ್ದನ್ನು ಬೈಸಿಕೊಂಡು ಕಲಿತೆ. ಆಮೇಲೆ ಹೊಸಬರು ಯಾರು ಬಂದರೂ ಹೆಡ್ ಮೇಡಂ ಒಂದೇ ಮಾತು ಹೇಳುತ್ತಿದ್ದರು: ಹಳೇ ಆಯಾನ್ನ ಕೇಳಿ ಮಾಡ್ರಿ. ಹೊಸಬರಿಗೆ ಸಿಗುತ್ತಿದ್ದ ತರಬೇತಿ ಎಂದರೆ ಅದೇ, ನನ್ನ ಬಾಯಿಂದ ಏನು ಬಿದ್ದರೆ ಅಷ್ಟು.

ತಂಗಿಯನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದೆವು. ಅಲ್ಲಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು, ಅದು ಹಂಗಾಮಿಗಷ್ಟೇ. ವರ್ಷವಿಡೀ ನಡೆಯುವ ಕೆಲಸ ಬೇಕೆಂದಾಗ ನಾನೇ ಮೇಡಂ ಅವರನ್ನು ಕೇಳಿ ಸೇರಿಸಿದೆ. ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಅವಳು ಹತ್ತನೇ ಇಯತ್ತೆ ಪಾಸು. ಬಂದ ಹೊಸದರಲ್ಲೇ ಮೇಡಂ ಅವಳ ಕೈಯಲ್ಲಿ ಒಂದು ನೋಟೀಸ್ ಓದಿಸಿ, ಇಂಥವರೇ ನಮಗೆ ಬೇಕಾಗಿತ್ತು ಎಂದರು. ನಾನು ಪಕ್ಕದಲ್ಲೇ ನೆಲ ಒರೆಸುತ್ತಿದ್ದೆ. ತಂಗಿಗೆ ಒಳ್ಳೆಯದಾಯಿತೆಂದು ಖುಷಿಪಡಬೇಕಿತ್ತು. ಇವಳು ಓದಿದವಳೇ ಇರಲಿ, ಆದರೆ ನನ್ನನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಲಾಗಬಾರದು ಎಂದುಕೊಂಡೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ದಿನ ಅಪ್ಪಂದಿರಿಗೆ ಬಿಡುವಿರುವುದಿಲ್ಲ. ಮಕ್ಕಳನ್ನು ಕರೆದೊಯ್ಯಲು ಅಂಗಡಿಯ ಆಳುಗಳು, ಹಮಾಲರು ಬರುತ್ತಾರೆ. ಮುಖಗಳು ಬದಲಾಗುತ್ತಲೇ ಇರುತ್ತವೆ. ಅಂಥ ದಿನ ನಾನು ಯಾವ ಮಗುವನ್ನೂ ಮೊದಲು ಮುಂದೆ ತರುವುದಿಲ್ಲ. ಬಂದವನೇ ಮಗುವಿನ ಹೆಸರು ಹೇಳಬೇಕು. ಆಮೇಲೆ ಮಗುವಿನ ಕೈ ಬಿಟ್ಟು ಸುಮ್ಮನೆ ನಿಲ್ಲುತ್ತೇನೆ. ಗುರುತಿದ್ದರೆ ಅದು ತಾನಾಗಿ ಓಡುತ್ತದೆ, ನಿಂತುಬಿಟ್ಟರೆ ಕಳಿಸುವುದಿಲ್ಲ. ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ನಾನು ತಂಗಿಗೆ ಹೇಳಿದ್ದು, ಇವತ್ತು ಅಂಗಡಿ ಮಂದಿ ಬರ್ತಾರ, ಕಳಿಸಿಕೊಡು ಎಂದಷ್ಟೇ. ಹೇಳಿ ಹಿಂದಿನ ಕೋಣೆಗಳಿಗೆ ಬೀಗ ಹಾಕಲು ಹೋದೆ.

ತಿರುಗಿ ಬಂದಾಗ ಗೇಟಿನ ಹತ್ತಿರ ಒಬ್ಬ ತಾಯಿ ಸ್ಕೂಟಿ ನಿಲ್ಲಿಸಿ ಒಂದನೇ ತರಗತಿಯ ತನ್ನ ಮಗಳನ್ನು ಕೇಳುತ್ತಿದ್ದರು. ಅವರದೂ ಮೆಣಸಿನಕಾಯಿ ವ್ಯಾಪಾರವೇ.

"ಅಂಗಡಿಯಿಂದ ಬಂದು ಕರಕೊಂಡು ಹೋದ್ರಲ್ರಿ" ಎಂದಳು ತಂಗಿ.

"ನಮ್ಮ ಅಂಗಡಿಯಿಂದ ಯಾರೂ ಬರೂದಿಲ್ಲ. ದಿನಾ ನಾನ ಬರತೇನಿ."

ತಂಗಿ ನನ್ನ ಕಡೆ ತಿರುಗಿ ನಡೆದದ್ದನ್ನು ಹೇಳಿದಳು. ಯಾರೋ ಒಬ್ಬ ಟಂಟಂ ಆಟೋ ತಂದಿದ್ದನಂತೆ. ನಮ್ಮ ಸಾವಕಾರರ ಮಗಳು, ಒಂದನೇ ಕ್ಲಾಸು ಎಂದನಂತೆ. ಮೆಣಸಿನಕಾಯಿ ಅಂಗಡಿಯವರೇನು ಎಂದು ಇವಳೇ ಕೇಳಿ, ಅವನು ಹೌದೆಂದ ಕೂಡಲೇ ಈ ತಾಯಿಯ ಮಗಳನ್ನು ಎತ್ತಿ ಕೂರಿಸಿದ್ದಳು. ಮಗು ಬಾಯಿಲ್ಲದ್ದು, ಕೂರಿಸಿದ ಕಡೆ ಕೂರುವಂಥದ್ದು.

  ಹುಡುಗಿಯ ಅಪ್ಪ ಫೋನ್ ಎತ್ತಲಿಲ್ಲ. ಶಾಲೆ ಬಸ್ಸಿನ ಡ್ರೈವರ್ ರೈಲ್ವೆ ಸ್ಟೇಷನ್ನಿಗೆ ಓಡಿದ, ಮಾಸ್ತರರೊಬ್ಬರು ಬಸ್‌ಸ್ಟ್ಯಾಂಡಿಗೆ. ಮಾರುಕಟ್ಟೆಯ ದಿನ ಊರಿನ ತುಂಬ ಪರಊರಿನ ಲಾರಿಗಳು. ಒಂದು ಲಾರಿ ಹೊರಟರೆ ಹೈವೇ ಹಿಡಿದು ಎಲ್ಲಿಗೆ ಹೋಯಿತೆಂದು ಯಾರು ಹೇಳಬೇಕು? ತಾಯಿ ಅಳಲಿಲ್ಲ. ಮಗಳ ಹೆಸರನ್ನು ಮೆಲ್ಲಗೆ, ಪಕ್ಕದಲ್ಲಿರುವವಳನ್ನು ಕರೆಯುವ ಹಾಗೆ ಕರೆಯುತ್ತಲೇ ಇದ್ದರು.  ಇದು ನನ್ನಿಂದ ಆಗಿದ್ದು ಎನ್ನುವುದು ಆಗಲೇ ಗೊತ್ತಾಗಿತ್ತು. ಆ ಮಗು ಸಿಗದಿದ್ದರೆ ಎಂಬುದರಾಚೆಗೆ ಯೋಚನೆ ಹೋಗಲೇ ಇಲ್ಲ.

ಎಲ್ಲರೂ ಓಡಾಡುತ್ತಿದ್ದ ಆ ಗೇಟಿನ ಒಳಗೆ, ಗೋಡೆಗೆ ಒರಗಿ ಅದೇ ತರಗತಿಯ ಇನ್ನೊಂದು ಹುಡುಗಿ ತನ್ನ ಚೀಲದ ಮೇಲೆ ಕೂತಿತ್ತು. ನಾನು ಅದನ್ನು ನೋಡಿಯೂ ನೋಡದೆ ಎಷ್ಟು ಸಲ ದಾಟಿದೆನೋ. ಅದೂ ಮೆಣಸಿನಕಾಯಿ ಅಂಗಡಿಯವರ ಮಗಳು. ಮಾರುಕಟ್ಟೆಯ ದಿನ ಎಲ್ಲರಿಗಿಂತ ಮೊದಲು ಮನೆಗೆ ಹೋಗುವ ಮಗು. ನಿನ್ನನ್ನು ಕರೆಯಲು ಯಾರೂ ಬರಲಿಲ್ಲವೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿತು.

ಅಂಗಡಿಯ ಆಳು ಇದರ ಬದಲು ಅದನ್ನು ಒಯ್ದಿರಬೇಕೆಂದು ಹೊಳೆದು, ನಾನು ಇದರ ಅಪ್ಪನ ಅಂಗಡಿಗೆ ಓಡಿದೆ. ಕಳೆದುಹೋದ ಮಗು ಅಲ್ಲಿ ಚೀಲಗಳ ಮೇಲೆ ಕೂತು ಸೀನುತ್ತಿತ್ತು. ಘಾಟಿಗೆ ಕಣ್ಣು ಕೆಂಪಾಗಿತ್ತು. ಒಬ್ಬ ಹಮಾಲ ಟವೆಲಿನಿಂದ ಅದಕ್ಕೆ ಗಾಳಿ ಬೀಸುತ್ತಿದ್ದ. ಅವನೂ ಆ ವಾರವೇ ಕೆಲಸಕ್ಕೆ ಸೇರಿದವನು. ಸಾವಕಾರರ ಮಗಳ ಮುಖವನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ಸಾವಕಾರರು ಇನ್ನೂ ಮಾರುಕಟ್ಟೆಯಿಂದ ಬಂದಿರಲಿಲ್ಲ.

ಮಗು ತಾಯಿಯ ಕೈ ಸೇರಿತು. ಆದರೆ ಸಂಜೆಗೆ ಅದರ ಅಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದರು. ಗೇಟಿನ ಕ್ರಮ ಇವಳಿಗೆ ಯಾರೂ ಹೇಳಿರಲಿಲ್ಲವೇ ಎಂದು ಮೇಡಂ ಎಲ್ಲರೆದುರು ಕೇಳಿದರು. ತಂಗಿ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಇಬ್ಬರ ಕೆಲಸವೂ ಹೋದೀತೆಂದು ಅಂಜಿದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಖರೇ ಹೇಳಬೇಕೆಂದರೆ ನನ್ನದು ಹೋದೀತೆಂದು ಅಂಜಿದೆ.

"ನಂದ ತಪ್ಪರಿ" ಎಂದಳು ತಂಗಿ.

ಅವತ್ತೇ ಅವಳನ್ನು ಬಿಡಿಸಿದರು. ರಾಣೆಬೆನ್ನೂರಿನಲ್ಲಿ ಅವಳ ಓಣಿಗೆಲ್ಲ ಸುದ್ದಿಯಾಯಿತು. ನೆರೆಯವರು ತಮ್ಮ ಕೂಸನ್ನು ಅವಳ ಕೈಗೆ ಕೊಡುವುದನ್ನು ಬಿಟ್ಟರಂತೆ. ಅತ್ತೆ ಹೋಗುತ್ತ ಬರುತ್ತ ಅದನ್ನೇ ಎತ್ತಿ ಆಡುತ್ತಾಳೆ ಎಂದು ಕೇಳಿದೆ. ಅವಳ ಫೋನ್ ಬಂದಾಗೆಲ್ಲ, ಯಾಕೆ ಹೇಳಿಕೊಡಲಿಲ್ಲ ಎಂದು ಇವತ್ತು ಕೇಳಿಯೇ ಬಿಡುತ್ತಾಳೆ ಎಂದುಕೊಳ್ಳುತ್ತಿದ್ದೆ. ಅವಳು ಮಾತ್ರ ಊಟ ಆಯಿತೇ ಎಂದಷ್ಟೇ ಕೇಳುತ್ತಿದ್ದಳು.

ಈ ಸಲ ಶಾಲೆ ಸುರುವಾಗುವ ಮುಂಚೆ ಮೇಡಂ ಹೊಸ ಆಯಾಗಳನ್ನೂ ಡ್ರೈವರನ್ನೂ ಕೂರಿಸಿ, ಇನ್ನು ಮೇಲೆ ಹೊಸಬರು ಹಳಬರ ಜೊತೆ ನಿಂತು ನೋಡಿ ಕಲಿಯದೆ ಗೇಟಿಗೆ ಹೋಗುವಂತಿಲ್ಲ ಎಂದರು. ಮಾರುಕಟ್ಟೆಯ ದಿನ ಹೇಗೆಂದು ತೋರಿಸಲು ನನ್ನನ್ನು ಎಬ್ಬಿಸಿದರು. ಒಬ್ಬ ಟೀಚರನ್ನು ಮಗು ಮಾಡಿ, ಡ್ರೈವರನ್ನು ಹಮಾಲ ಮಾಡಿ ತೋರಿಸಿದೆ. ಟೀಚರು ಬೇಕೆಂದೇ ಡ್ರೈವರನ ಕಡೆ ಹೋಗಲಿಲ್ಲ, ಎಲ್ಲರೂ ನಕ್ಕರು. ನಗು ನಿಂತ ಮೇಲೆ ಹೊಸ ಆಯಾ ಒಬ್ಬಳು ಕೇಳಿದಳು.

"ಮೊದಲ ಇದ್ದಾಕಿಗೆ ಇದನ್ನ ಯಾರೂ ಹೇಳಿದ್ದಿಲ್ಲೇನ್ರಿ?"

 ಹೇಳಬೇಕಾದವಳು ನಾನು, ಹೇಳಲಿಲ್ಲ ಎಂದೆ.  ಇದನ್ನು ಮೊದಲು ನಿನ್ನ ತಂಗಿಗೆ ಹೇಳಿ ಬಾ, ನಿನ್ನ ವಿಚಾರ ಆಮೇಲೆ ನೋಡೋಣ ಎಂದರು ಮೇಡಂ.

ರಾಣೆಬೆನ್ನೂರಿನ ಬಸ್ಸಿನಲ್ಲಿ ತಿರುಗಿ ಹೋಗಿಬಿಡಲೇ ಎಂದು ಪ್ರತಿ ಸ್ಟಾಪಿನಲ್ಲೂ ಅನ್ನಿಸಿತು. ತಂಗಿಯ ಮನೆಯ ಕಟ್ಟೆಯ ಮೇಲೆ ಅವಳ ಅತ್ತೆ ಕೂತಿದ್ದಳು.

"ಬರ್ರಿ, ಕುಂದ್ರಿ. ನಿಮ್ಮ ತಂಗಿ ಅಂಗಡಿಗೆ ಹೊಂಟಿದ್ಲು, ಮೊಮ್ಮಗನ್ನ ಕರಕೊಂಡು ಹೋಗ್ತೇನಿ ಅಂದ್ಲು, ನಾನ ಬ್ಯಾಡ ಅಂದೆ. ಆಕಿ ಯಾರ ಕೈಯಾಗ ಕೊಟ್ಟು ಬರ್ತಾಳೋ ಏನೋ."

ತಂಗಿ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿದ ಕೂಡಲೇ ಅವಳಿಗೆ ತಿಳಿಯಿತು ಅಂತ ಕಾಣುತ್ತದೆ. ಒಳಗ ಬಾ ಅಕ್ಕ, ಚಹಾ ಮಾಡ್ತೇನಿ ಎಂದಳು. ಒಳಗೆ ಹೋದರೆ ಅತ್ತೆಗೆ ಕೇಳುವುದಿಲ್ಲ. ನಾನು ಕಟ್ಟೆಯ ಮೇಲೇ ನಿಂತೆ.  ಗಟ್ಟಿಯಾಗಿ ಹೇಳಿದೆ.

"ಆ ಕೂಸು ತಪ್ಪಿದ್ದು ನಿನ್ನಿಂದ ಅಲ್ಲ. ಹೆಂಗ ಕಳಸಬೇಕು ಅನ್ನೂದು ನನಗ ಗೊತ್ತಿತ್ತು, ಬೇಕಂತ ನಿನಗ ಹೇಳಲಿಲ್ಲ. ಎಲ್ಲಾರೂ ನಿನ್ನ ಬೈಯುವಾಗ ಬಾಯಿ ಮುಚ್ಚಿಕೊಂಡು ನಿಂತೆ. ನಂದು ತಪ್ಪಾತು, ತಂಗೀ."