ಅಂಚಿನಲ್ಲಿದ್ದ ಹಾಡು

ಫ್ರೌಕ್ಯೆಯವರನ್ನು ಮೊದಲ ಸಲ ಕಂಡ ದಿನ ನಾನು ಅಂಗಿ ಎತ್ತಿ ಅವರಿಗೆ ಬೆನ್ನು ತೋರಿಸಿದ್ದೆ.

ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ಳುವ ಕೆಲಸಕ್ಕೆ ಸೇರಿ ವಾರವಾಗಿತ್ತಷ್ಟೆ, ಆಗಲೇ ನನ್ನ ಸೊಂಟ ಮಲಗಿಬಿಟ್ಟಿತ್ತು. ನೆಲಮಾಳಿಗೆಯ ಕೋಣೆಯೊಂದರಲ್ಲಿ, ಬಿಳಿ ಕೈಗವಸು ತೊಟ್ಟ ವಯಸ್ಸಾದ ಹೆಂಗಸೊಬ್ಬರು ಏನನ್ನೋ ದೀಪಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಎಕ್ಸ್‌ರೇ ಡಾಕ್ಟರು, ಅದೂ ಪುಕ್ಕಟೆ ಸಿಕ್ಕಿದರು ಎಂದುಕೊಂಡೆ.

"ಡಾಕ್ಟ್ರೇ, ಇಲ್ಲಿ ಹಿಡ್ಕೊಂಡಿದೆ. ಸ್ವಲ್ಪ ನೋಡ್ತೀರಾ?"

ಅವರು ಕನ್ನಡಕ ಸರಿಮಾಡಿಕೊಂಡು ನಿಜಕ್ಕೂ ನೋಡಿದರು. "ತೂತೇನೂ ಕಾಣ್ತಿಲ್ಲ ಮರಿ. ಆ ಕಡೆ ಬೆಳಕು ಈ ಕಡೆ ಬರೋ ತನಕ ಹೆದರ್ಬೇಡ. ಅಂಗಿ ಇಳಿಸು, ಶೀತ ಆಗುತ್ತೆ."

ಅವರ ಕೈಯಲ್ಲಿದ್ದದ್ದು ಸಿಡಿ; ಅದರ ಬೆಳ್ಳಿ ಪದರದಲ್ಲಿ ತೂತು ಬಿದ್ದಿದೆಯೇ ಎಂದು ನೋಡುತ್ತಿದ್ದರು.

ನಮ್ಮ ಫ್ರೀಸ್‌ಲ್ಯಾಂಡಿನ ಆಸ್ಪತ್ರೆಗೆ ತನ್ನದೇ ಒಂದು ರೇಡಿಯೊ ಇತ್ತು. ಊರಿನವರೇ ಸಂಬಳವಿಲ್ಲದೆ ವಾರ್ಡು ಸುತ್ತಿ, ಯಾರಿಗೆ ಯಾವ ಹಾಡು ಬೇಕೆಂದು ಕೇಳಿ, ಬುಧವಾರ ಸಂಜೆ ಹಾಕುತ್ತಿದ್ದರು. ಈಗ ಪ್ರತಿ ಮಂಚಕ್ಕೂ ಒಂದು ಪರದೆ ತೂಗುತ್ತಿದೆ, ಜಗತ್ತಿನ ಹಾಡೆಲ್ಲ ಅದರೊಳಗಿದೆ. ರೇಡಿಯೊ ಕೋಣೆಯಲ್ಲಿ ಉಳಿದದ್ದು ಮೂರು ಸಾವಿರದಷ್ಟು ಸಿಡಿಗಳು ಮತ್ತು ಫ್ರೌಕ್ಯೆ.

ಎಕ್ಸ್‌ರೇ ವಿಷಯದಲ್ಲಿ ನಾನು ಪೂರ್ತಿ ತಪ್ಪಿರಲಿಲ್ಲ. ಅವರು ಇದೇ ಆಸ್ಪತ್ರೆಯ ಎಕ್ಸ್‌ರೇ ಉಗ್ರಾಣದಲ್ಲಿ ಲಕೋಟೆಗಳಿಗೆ ನಂಬರಿನ ಹಳದಿ ಚೀಟಿ ಅಂಟಿಸುತ್ತ ಮುದುಕಿಯಾದವರು. ಎಕ್ಸ್‌ರೇಗಳೆಲ್ಲ ಕಂಪ್ಯೂಟರಿಗೆ ಹೋದಾಗ ಅವರ ಕೆಲಸವೂ ಹೋಯಿತು. ಉಳಿದ ಚೀಟಿಯ ಸುರುಳಿಗಳನ್ನು ಎತ್ತಿಕೊಂಡು ಈ ಕೋಣೆಗೆ ಇಳಿದರು. ನಡುವೆ ಒಂದು ಮದುವೆಯೂ ಆಗಿತ್ತಂತೆ. "ಅದಕ್ಕೆ ನಂಬರು ಅಂಟಿಸಿರ್ಲಿಲ್ಲ, ಎಲ್ಲೋ ಕಳ್ದೋಯ್ತು" ಎನ್ನುತ್ತಿದ್ದರು.

ಬಿಡುವಿನಲ್ಲಿ ನಾನು ಅಲ್ಲಿಗೆ ಕಾಫಿಗೆ ಹೋಗುತ್ತಿದ್ದೆ, ಅವರು ನನ್ನ ಕೈಗೆ ಬಟ್ಟೆ ಕೊಡುತ್ತಿದ್ದರು. ಸಿಡಿಯನ್ನು ಸುತ್ತ ಒರೆಸಬಾರದು, ನಡುವಿನಿಂದ ಅಂಚಿಗೆ ಎಳೆಯಬೇಕು. ಹೀಟರಿನ ಹತ್ತಿರ ಇಡಬಾರದು. ಯಾವಾಗಲೂ ನೆಟ್ಟಗೆ ನಿಲ್ಲಿಸಬೇಕು.

"ಮಲಗಿಸಿದ್ರೆ ಏನಾಗುತ್ತೆ?"

"ಸೊಟ್ಟಗಾಗುತ್ತೆ."

"ಮೇಲಿನ ಮಹಡಿಯವರೆಲ್ಲ ಮಲಗೇ ಇದಾರಲ್ಲ!"

"ಆಗಿದಾರಲ್ಲ ಸೊಟ್ಟಗೆ?"

ಮೂರನೇ ಮಹಡಿಯಲ್ಲಿ ಶೂರ್ಡ್ ಎಂಬ ಯಜಮಾನರಿದ್ದರು. ಕ್ಯಾನ್ಸರಿಗೆ ಅವರ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕತ್ತಿನಲ್ಲಿ ತೂತು, ಮಡಿಲಲ್ಲಿ ಬರೆದು ತೋರಿಸಲು ಬಿಳಿ ಹಲಗೆ. ಇನ್ನು ಹೆಚ್ಚು ದಿನವಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ಮಂಚ ತಳ್ಳುವ ನನಗೂ ಗೊತ್ತಿತ್ತು. ಹಿಂದೆ ಅವರು ಹಾಲಿನ ಕಾರ್ಖಾನೆಯ ಗಂಡಸರ ಹಾಡಿನ ಮೇಳದಲ್ಲಿದ್ದರು. ಮೇಳ ಒಂದೇ ಒಂದು ಸಿಡಿ ಮಾಡಿಸಿತ್ತು, ಅದರ ಕೊನೆಯ ಹಾಡನ್ನು ಇವರೊಬ್ಬರೇ ಹಾಡಿದ್ದರು. ಸಾಯುವ ಮುನ್ನ ತಮ್ಮ ದನಿ ಕೇಳಬೇಕೆಂಬುದೊಂದೇ ಅವರ ಆಸೆ.

ಯಾವ ಪರದೆಯಲ್ಲೂ ಆ ಹಾಡಿಲ್ಲ. ತಮ್ಮ ಪ್ರತಿಯನ್ನು ಅವರು ಹಕ್ಕಿ ಬೆದರಿಸಲು ಚೆರಿ ಮರಕ್ಕೆ ಕಟ್ಟಿದ್ದರಂತೆ. 'ಆಗ ಗಂಟಲಿತ್ತು' ಎಂದು ಬರೆದು ತೋರಿಸಿದರು. ಜೊತೆಗೆ ಹಾಡಿದವರೆಲ್ಲ ಮಣ್ಣಾಗಿದ್ದರು.

ಫ್ರೌಕ್ಯೆಯ ಕಪಾಟಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈಗಿಟ್ಟರು, ನಾನೂ ದೀಪಕ್ಕೆ ಹಿಡಿದೆ. ಅಂಚಿನಲ್ಲಿ, ಹಳದಿ ಚೀಟಿಯ ಸುತ್ತ, ಜರಡಿಯಲ್ಲಿ ಬಂದಂತೆ ಬೆಳಕು ಬರುತ್ತಿತ್ತು.

"ಅಂಟು ಬೆಳ್ಳಿ ಪದರ ತಿಂದಿದೆ. ಸಿಡಿ ನಡುವಿಂದ ಶುರುವಾಗಿ ಅಂಚಿಗೆ ಓಡುತ್ತೆ, ವೀಬ್ರನ್ ಮರಿ. ಕೊನೇ ಹಾಡು ಇರೋದು ಅಂಚಲ್ಲೇ."

"ಚೀಟಿ ಕಿತ್ಬಿಡೋಣ."

"ಹಾಡೂ ಕಿತ್ತು ಬರುತ್ತೆ."

"ಕಂಪ್ಯೂಟರಿಗೆ ಹಾಕಿಟ್ಟಿರ್ಲಿಲ್ವಾ?"

"ಜನ ಕೇಳಿದ್ದನ್ನ ಮೊದಲು ಹಾಕ್ದೆ. ಇದನ್ನ ಯಾರೂ ಕೇಳಿರ್ಲಿಲ್ಲ."

ಕಂಪ್ಯೂಟರು ಈಗ ಆ ಸಿಡಿಯನ್ನು ಬಾಯಿಗೆ ತೆಗೆದುಕೊಂಡು ಹಾಗೇ ಉಗುಳಿತು. ಮೂಲೆಯಲ್ಲಿದ್ದ ಹಳೆಯ ಯಂತ್ರವೊಂದು ಮಾತ್ರ ಒಪ್ಪಿತು. ಬುಧವಾರ ಸಂಜೆ ಶೂರ್ಡರ ಮಂಚವನ್ನು ಕೆಳಗೆ ತಂದು ಅದರ ಪಕ್ಕದಲ್ಲೇ ನಿಲ್ಲಿಸಿದೆ. ತಿರುವಿನಲ್ಲಿ ಮಂಚವನ್ನು ಗೋಡೆಗೆ ಗುದ್ದಿದ್ದಕ್ಕೆ ಅವರು ಹಲಗೆಯ ಮೇಲೆ 'ಇನ್ನೂ ಸತ್ತಿಲ್ಲ' ಎಂದು ಬರೆದರು.

ಮೊದಲ ಹಾಡುಗಳೆಲ್ಲ ಸರಾಗವಾಗಿ ಬಂದವು. ಶೂರ್ಡರ ಬೆರಳು ಹೊದಿಕೆಯ ಮೇಲೆ ತಾಳ ಹಾಕುತ್ತಿತ್ತು. ಕೊನೆಯ ಹಾಡು ಶುರುವಾಯಿತು. ಟಿಕ್, ಟಿಕ್, ಟಿಕ್. ಆ ಸದ್ದಿನ ನಡುವೆ ತುಂಬು ಗಂಡು ದನಿಯೊಂದು ಅರ್ಧ ಸಾಲಿನಷ್ಟು ಎದ್ದಿತು. ಬೆರಳು ನಿಂತಿತು. ಯಂತ್ರವೂ ನಿಂತಿತು.

'ಇನ್ನೊಂದ್ಸಲ' ಎಂದು ಹಲಗೆ ಹೇಳಿತು.

ಎರಡನೇ ಸಲ ಆ ಅರ್ಧ ಸಾಲೂ ಬರಲಿಲ್ಲ. ಆಮೇಲೆ ಎಷ್ಟು ಸಲ ಹಾಕಿದರೂ ಟಿಕ್ ಟಿಕ್ ಅಷ್ಟೆ.

ಶೂರ್ಡ್ ಕೈ ಚಾಚಿ ಸಿಡಿ ಇಸಿದುಕೊಂಡರು. ತಿರುಗಿಸಿ ನೋಡಿ, ಹಳದಿ ಚೀಟಿಯ ಮೇಲೆ ಹೆಬ್ಬೆರಳಾಡಿಸಿ, ನಿಧಾನವಾಗಿ ಬರೆದರು: 'ಇದನ್ನು ಅಂಟಿಸಿದ್ದು ಯಾರು?'

ನಾನು ನಡುವೆ ಬಾಯಿ ಹಾಕಿದೆ. "ಹಳೇದಾಯ್ತಲ್ವಾ ಯಜಮಾನ್ರೇ, ವಯಸ್ಸಾದ್ಮೇಲೆ ಎಲ್ಲಾ ಹಂಗೇ. ನನ್ನ ಬೆನ್ನೇ ನೋಡಿ, ಈ ವಯಸ್ಸಿಗೇ…"

ಅವರು ನನ್ನ ಕಡೆ ನೋಡಲೂ ಇಲ್ಲ. ಹಲಗೆಯನ್ನು ಫ್ರೌಕ್ಯೆಯ ಕಡೆಗೆ ತಿರುಗಿಸಿ ಹಿಡಿದರು.

ಫ್ರೌಕ್ಯೆ ಕೈಗವಸು ಕಳಚಿ ಮೇಜಿನ ಮೇಲಿಟ್ಟರು.

"ನಾನು. ಇಲ್ಲಿರೋ ಎಲ್ಲಾದಕ್ಕೂ ನಾನೇ ಅಂಟಿಸಿದ್ದು."