ಹುಳ ನೋಡುವುದಕ್ಕೆ ಒಂದು ಗಂಟೆ ನಲವತ್ತು ನಿಮಿಷ

2007ರ ಜುಲೈ 16, ಸೋಮವಾರ, ಬೆಳಗಿನ ಐದೂ ಹತ್ತು. ನಾನು ಮಾಡಿದ ಕೇಡು ಶುರುವಾದದ್ದು ಆಗ. ಡೈರಿಯಲ್ಲಿ ಬರೆದಿದ್ದೇನೆ.

ಬಿಡದಿ ಕಡೆಯ ಒಂದು ಕಾರ್ಖಾನೆಯಲ್ಲಿ ಟ್ರೈನಿಯಾಗಿ ಸೇರಿ ಏಳು ತಿಂಗಳಾಗಿತ್ತು. ಅಲ್ಲಿ ತರಬೇತಿ ಕೊಡುವವರು ಹೇಳಿದ್ದರು: ದಿನದಲ್ಲಿ ಮಾಡುವುದನ್ನೆಲ್ಲ ಬರೆಯಿರಿ, ಫಲ ಕೊಡುವ ನಾಲ್ಕನ್ನು ಉಳಿಸಿಕೊಂಡು ಮಿಕ್ಕದ್ದು ಬಿಡಿ. ನಾನು ಹತ್ತು ದಿನ ನನ್ನದನ್ನು ಬರೆದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಅವ್ವನದನ್ನೂ ಬರೆದೆ.

ಕೈಲಾಂಚದ ಹತ್ತಿರದ ನಮ್ಮೂರಲ್ಲಿ ರೇಷ್ಮೆ ಹುಳ ಸಾಕುತ್ತಿದ್ದವಳು ಅವ್ವ. ದಿನಕ್ಕೆ ಹನ್ನೊಂದು ಸಲ ಹುಳದ ಮನೆಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದಳು. ಒಟ್ಟು ಒಂದು ಗಂಟೆ ನಲವತ್ತು ನಿಮಿಷ. ಅದರ ಮುಂದೆ ‘ಫಲವಿಲ್ಲ’ ಎಂದು ಬರೆದು, ಸೊಪ್ಪು ಕೊಯ್ಯುವುದು, ಸೊಪ್ಪು ಹಾಕುವುದು, ಕಸ ತೆಗೆಯುವುದು, ಸುಣ್ಣ ಎರಚುವುದು ಎಂಬ ನಾಲ್ಕನ್ನೇ ಇಟ್ಟು, ಹೊತ್ತು ಹಾಕಿ, ಗೋಡೆಗೆ ಚಾರ್ಟು ಅಂಟಿಸಿದೆ.

ಆ ಸೋಮವಾರ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವ ಆ ಹೊತ್ತಿನಲ್ಲಿ ಅವು ತಿನ್ನುವುದಿಲ್ಲ; ಪೊರೆ ಕಳಚಿ ಮತ್ತೆ ಹರಿದಾಡಿದರೆ ‘ಎದ್ದವು’ ಎಂದು ಲೆಕ್ಕ. ಚಾರ್ಟಿನ ಪ್ರಕಾರ ಸೊಪ್ಪು ಹಾಕುವ ಹೊತ್ತಾಗಿತ್ತು, ಐದೂಮುಕ್ಕಾಲಿಗೆ ನನ್ನ ಕಂಪನಿ ಬಸ್ಸು.

“ಒಸಿ ತಡಿ ಕಣಪ್ಪ, ಇನ್ನೂ ಎಲ್ಲಾ ಎದ್ದಿಲ್ಲ,” ಎಂದಳು ಅವ್ವ.

“ಅರ್ಧಕ್ಕಿಂತ ಜಾಸ್ತಿ ಎದ್ದವಲ್ಲವ್ವ.”

“ಅರ್ಧ ಮನೆಗೆ ಉಣ್ಣಾಕಿಕ್ಕಿ ಅರ್ಧ ಮನೆ ಉಪಾಸ ಮಲಗುಸ್ತೀಯಾ?”

ನಕ್ಕು ಸೊಪ್ಪು ಹಾಕಿಬಿಟ್ಟೆ.

ಎದ್ದ ಹುಳ ತಿಂದು ಮುಂದೆ ಹೋದವು, ಏಳದವು ಸೊಪ್ಪಿನಡಿ ಹಿಂದುಳಿದವು. ಒಂದೇ ತಟ್ಟೆಯಲ್ಲಿ ಒಂದು ಹಣ್ಣಾಗಿ ಗೂಡು ಕಟ್ಟಲು ತಯಾರು, ಪಕ್ಕದ್ದು ಇನ್ನೂ ಸೊಪ್ಪು ಕೇಳುತ್ತಿತ್ತು. ಒಂದೇ ಸಮನಾದ ಗೂಡು ಎಂದರೆ ರಾಮನಗರದ ಮಾರುಕಟ್ಟೆಯಲ್ಲಿ ಅವ್ವನ ಗೂಡು. ಅವಳು ಗಳಿಸಿದ್ದು ಆ ಒಂದು ಹೆಸರು. ಆ ಸಲ ನೂಲು ತೆಗೆಯುವವನೊಬ್ಬ ಗೂಡಿನೊಳಗೆ ಕೈಯಾಡಿಸಿ, “ಏನಮ್ಮೋ, ನಾಕ್ ಮನೆ ಗೂಡು ಗುಡಿಸ್ಕೊಂಡ್ ಬಂದ್ಬುಟ್ಟಿದ್ದೀಯಾ?” ಎಂದ. ಸುತ್ತ ನಿಂತವರು ನಕ್ಕರು. ಅವ್ವ ಸೆರಗು ಸರಿಮಾಡಿಕೊಂಡಳು, ಅಷ್ಟೆ. ತಪ್ಪು ನನ್ನದಾಗಿದ್ದರೂ ನಾನು ಪಕ್ಕದಲ್ಲಿ ಖಾಲಿ ಚೀಲ ಮಡಚುತ್ತಾ ನಿಂತೆ.

ಮುಂದಿನ ಬೆಳೆಗೆ ಅವಳು ಚಾರ್ಟನ್ನು ಅಕ್ಷರಶಃ ಪಾಲಿಸಿದಳು. ನಾಲ್ಕು ಕೆಲಸ, ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಮಧ್ಯೆ ಒಮ್ಮೆಯೂ ಒಳಗೆ ಹೋಗಲಿಲ್ಲ.

“ಒಂದ್ಸಲ ನೋಡ್ಕೊಂಡ್ ಬಾರವ್ವ,” ಎಂದು ಬೇಡಿಕೊಂಡೆ.

“ಅದು ಫಲ ಇಲ್ದಿರೋ ಕೆಲ್ಸ ಅಲ್ವಾ?” ಎಂದು ರಾಗಿ ಕೇರುವುದನ್ನು ಮುಂದುವರಿಸಿದಳು.

ಆ ಬೆಳೆಯೂ ಹೋಯಿತು, ಅದರ ಮುಂದಿನದೂ. ಕೆಲಸ ನನಗೆ ಕಾಯಂ ಆಯಿತು. ರಜೆಯ ದಿನ ನಾನೇ ಹುಳದ ಮುಂದೆ ನಿಲ್ಲುತ್ತೇನೆ. ಎದ್ದದ್ದನ್ನು ಎಣಿಸಿ ಬರೆಯುತ್ತೇನೆ. ಪ್ರತಿ ಸಲ ತಪ್ಪುತ್ತದೆ. ಹುಳ ಪೂರಾ ಜ್ವರದಿಂದ ಎದ್ದಿವೆ ಎಂದು ಬಾಗಿಲಲ್ಲಿ ನಿಂತೇ ತಿಳಿಯುವುದು ಹೇಗೆ? ಬಣ್ಣದಿಂದಲೋ, ವಾಸನೆಯಿಂದಲೋ, ಸದ್ದಿನಿಂದಲೋ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಕೇಳಿದರೆ ಅವ್ವ ಹೇಳುವುದಿಲ್ಲ.