ಅಬ್ಬಿಗೆರೆ ನೀರುಗಂಟಿಯ ಸಮುದ್ರ

ನಾನು ಅಬ್ಬಿಗೆರೆಯಲ್ಲಿ ಮೇಷ್ಟರಾಗಿದ್ದ ಕಾಲದಲ್ಲಿ ಆ ಊರಿನಲ್ಲಿ ಸಮುದ್ರ ನೋಡಿದವನು ಒಬ್ಬನೇ ಇದ್ದ. ಅವನೂ ನೋಡಿರಲಿಲ್ಲ.

ಅವನ ಹೆಸರು ಬ್ಯಾಟರಾಯಪ್ಪ. ಊರ ಕೆರೆಯ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಎಂದು ಹೇಳುವುದು ಅವನ ಕೆಲಸ. ಬರೆದಿಟ್ಟದ್ದು ಏನೂ ಇಲ್ಲ, ಅವನು ಬಾಯಲ್ಲಿ ಹೇಳಿದ್ದೇ ಕೊನೆ. ಅಣ್ಣತಮ್ಮಂದಿರು ಬದುವಿನ ಮೇಲೆ ಗುದ್ದಲಿ ಹಿಡಿದು ನಿಂತಿರುವಾಗ ಅವನು ಬಂದು, "ಇವತ್ತು ದೊಡ್ಡೋನ್ದು, ನಾಳೆ ಚಿಕ್ಕೋನ್ದು" ಎಂದರೆ ಇಬ್ಬರೂ ತಲೆ ತಗ್ಗಿಸಿ ಮನೆಗೆ ಹೋಗುತ್ತಿದ್ದರು. ಇಂಥ ಮನುಷ್ಯ ಸಮುದ್ರದ ವಿಷಯದಲ್ಲಿ ಮಾತ್ರ ಹನ್ನೊಂದು ವರ್ಷ ಬುರುಡೆ ಬಿಟ್ಟ.

ಅದಕ್ಕೆಲ್ಲ ಕಾರಣ ಮೂಲವ್ಯಾಧಿ. ಐವತ್ತನೇ ಇಸವಿಯ ಬೇಸಿಗೆಯಲ್ಲಿ ಅವನು ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಹತ್ತು ದಿನ ಬೋರಲು ಮಲಗಿ ಆಪರೇಷನ್ ಮಾಡಿಸಿಕೊಂಡು ಬಂದ. ಊರಿಗೆ ಹೇಳಲು ನಾಚಿಕೆ. ಪಕ್ಕದ ಮಂಚದಲ್ಲಿ, ಹೆಂಚಿನ ಲಾರಿಯಲ್ಲಿ ಬಂದು ಕಾಲು ಮುರಿದುಕೊಂಡಿದ್ದ ಹೊನ್ನಾವರದ ಕಡೆಯ ದೋಣಿಯವನೊಬ್ಬ ಬಿದ್ದಿದ್ದ. ಅವನೂ ಹೊರಳುವಂತಿಲ್ಲ, ಇವನೂ ಕೂರುವಂತಿಲ್ಲ. ಹತ್ತು ದಿನವೂ ದೋಣಿಯವನು ತನ್ನ ಹಳೆಕಡವು ಎಂಬ ಊರನ್ನು ಹೊಗಳಿದ, ಇವನು ಕೇಳಿದ. ಊರಿಗೆ ಬಂದು, ಆ ಹತ್ತು ದಿನವೂ ಹಳೆಕಡವಿನಲ್ಲೇ ಇದ್ದೆನೆಂದು, ಕೇಳಿದ್ದನ್ನೆಲ್ಲ ಕಂಡದ್ದೆಂದು ಹೇಳಿದ. ನಿಜ ಗೊತ್ತಿದ್ದವಳು ಆಸ್ಪತ್ರೆಗೆ ಗಂಜಿ ಹೊತ್ತಿದ್ದ ಹೆಂಡತಿ ಸೊಣ್ಣಮ್ಮ ಒಬ್ಬಳೇ. ಗಂಡನ ಸಮುದ್ರ ತೀರಾ ಉಕ್ಕಿದಾಗ ಆಕೆ ಒಳಗಿನಿಂದ ಕೆಮ್ಮುತ್ತಿದ್ದಳು.

ಊರಿನ ಮುನಿನಾರಾಯಣಪ್ಪನಿಗೆ ತನ್ನ ಭಾವಮೈದನನ್ನು ನೀರುಗಂಟಿ ಮಾಡಬೇಕೆಂಬ ಆಸೆ ಬಹಳ ದಿನದ್ದು. ಅರವತ್ತೊಂದರ ಮಾಘದಲ್ಲಿ ಅರಳಿಕಟ್ಟೆಯ ಮೇಲೆ ಕುಳಿತು ಅವನು ಮಾತು ತೆಗೆದ.

"ನೋಡ್ದಿರೋ ಸಮುದ್ರಾನ ನೋಡಿವ್ನಿ ಅನ್ನೋನು, ಬಿಡ್ದಿರೋ ನೀರ್ನ ಬಿಟ್ಟಿವ್ನಿ ಅನ್ನಕಿಲ್ವಾ? ಬಸ್ ಮಾಡ್ಕಂಡು ಓಗವ. ಅವ್ನೇ ಮುಂದ್ ನಿಂತು ತೋರುಸ್ಲಿ. ಒಂದ್ ಸುಳ್ಳು ಸಿಕ್ಕುದ್ರೂ ಉಗಾದಿಗೆ ತೂಬು ಬೇರೆಯವ್ರ್ ಕೈಗೆ."

ಎಲ್ಲರೂ ಬ್ಯಾಟರಾಯಪ್ಪನ ಮುಖ ನೋಡಿದರು. ಅವನು ಮೀಸೆ ಒರೆಸಿಕೊಂಡು, "ಓಗವ" ಎಂದ. ಬೇರೆ ಏನು ತಾನೇ ಅಂದಾನು.

ಯಶವಂತಪುರದ ಅಕ್ಬರ್ ಪಾಷಾ ಅವರ ಬಸ್ಸಿನಲ್ಲಿ ಮೂವತ್ತು ಜನ, ಎರಡು ಮೂಟೆ ರಾಗಿಹಿಟ್ಟು, ಒಂದು ಮುದ್ದೆ ಕೋಲು ಹೊರಟೆವು. ಶಿವಮೊಗ್ಗ ದಾಟುವವರೆಗೂ ಸೊಣ್ಣಮ್ಮ ಗಂಡನ ಕಿವಿಯಲ್ಲಿ, "ಈಗ್ಲಾದ್ರೂ ಆಸ್ಪತ್ರೆ ಇಸ್ಯ ಏಳ್ಬುಡು" ಎನ್ನುತ್ತಲೇ ಇದ್ದಳಂತೆ. ಅವನು ಕಿಟಕಿ ಕಡೆ ತಿರುಗಿ ನಿದ್ದೆ ನಟಿಸಿದ.

ಹಳೆಕಡವಿನಲ್ಲಿ ಇಳಿದಾಗ ಮುನಿನಾರಾಯಣಪ್ಪ ಮದುವೆಗೆ ಬಂದ ಬೀಗನಂತೆ ಎದೆಯುಬ್ಬಿಸಿ ನಿಂತ. ಆದರೆ ಆ ದೋಣಿಯವನು ಪುಣ್ಯಾತ್ಮ, ಒಂದಂಗುಲವೂ ತಪ್ಪು ಹೇಳಿರಲಿಲ್ಲ. ಹಿಂದೆ ಯಾವಳೋ ರಾಣಿ ಕಟ್ಟಿಸಿದ್ದೆನ್ನುವ ಕೋಟೆ. "ಬಾಗ್ಲಿನ್ ಎಡಕ್ಕೆ ಕಲ್ಲಾನೆ ಐತೆ, ಸೊಂಡ್ಲು ಮುರ್ದೈತೆ" ಎಂದ ಬ್ಯಾಟರಾಯಪ್ಪ. ಇತ್ತು, ಮುರಿದಿತ್ತು. ಹೊಳೆ ಸಮುದ್ರ ಸೇರುವ ಕಡೆ ಉಪ್ಪುನೀರಿನಲ್ಲೇ ಬೇರುಬಿಟ್ಟ ಗಿಡಗಳು. "ಇಲ್ಲಿ ನೀರುನಾಯಿ ಸಂಸಾರ ಮಾಡ್ತವೆ, ಮಾತಾಡ್ಬ್ಯಾಡಿ" ಎಂದ. ಸ್ವಲ್ಪ ಹೊತ್ತಿಗೆ ಅಪ್ಪ, ಅಮ್ಮ, ಮೂರು ಮರಿ ಮೀನು ಕಚ್ಚಿಕೊಂಡು ದಡ ಹತ್ತಿದವು. ಬಂಡೆಯ ಮೇಲಿನ ಗಾಳಿಮರದಲ್ಲಿ ಬಿಳಿ ಹೊಟ್ಟೆಯ ಕಡಲಹದ್ದು ಗೂಡು ಕಟ್ಟಿತ್ತು. ಹದ್ದೂ ಮನೆಯಲ್ಲೇ ಇತ್ತು.

ಕೊನೆಗೆ ಬಂಡೆಯ ತುದಿಯಲ್ಲಿ ನಿಂತು, "ಅಂದಿಮೀನು ಬತ್ತವೆ, ಇಪ್ಪತ್ತೆಣ್ಸಿ" ಎಂದ. ಹದಿನಾಲ್ಕಕ್ಕೇ ಡಾಲ್ಫಿನ್ನುಗಳ ಕಪ್ಪನೆಯ ಬೆನ್ನುಗಳು ನೀರಿನಿಂದೆದ್ದು ಬಾಗಿ ಮುಳುಗಿದವು. ಎಲ್ಲರೂ ಓ ಎಂದರು. ಎಲ್ಲರಿಗಿಂತ ಹೆಚ್ಚು ಬೆರಗಾಗಿದ್ದವನು ಬ್ಯಾಟರಾಯಪ್ಪ. ಅವನ ಬಾಯಿ ತೆರೆದೇ ಇತ್ತು. ಅದೃಷ್ಟಕ್ಕೆ ಜನರೆಲ್ಲ ಸಮುದ್ರದ ಕಡೆ ನೋಡುತ್ತಿದ್ದರು.

ಮಧ್ಯಾಹ್ನ ಮುದ್ದೆ ಉಂಡು ಮರಗಳ ಕೆಳಗೆ ಮಲಗಿದೆವು. ಮುನಿನಾರಾಯಣಪ್ಪ ಸೋತ ಮುಖದಲ್ಲಿ ಗೊರಕೆ ಹೊಡೆಯುತ್ತಿದ್ದ. ಮೂರು ಗಂಟೆಯ ಹೊತ್ತಿಗೆ ಬ್ಯಾಟರಾಯಪ್ಪನ ಕೂಗು ಕೇಳಿ ಎಲ್ಲರೂ ಎದ್ದು ಕುಳಿತೆವು.

"ಎದ್ದೇಳ್ರೋ, ನೀರ್ ಓಗ್ತಾ ಐತೆ. ಎಲ್ಲೋ ಏರಿ ಒಡ್ದೈತೆ."

ನಿಜವೇ. ಊಟಕ್ಕೆ ಮುಂಚೆ ಬಂಡೆಗೆ ಬಡಿಯುತ್ತಿದ್ದ ನೀರು ನೂರು ಮಾರು ಹಿಂದೆ ಸರಿದಿತ್ತು. ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿದ್ದವು. ಬ್ಯಾಟರಾಯಪ್ಪ ಪಂಚೆ ಕಚ್ಚೆ ಹಾಕಿ, ರುಮಾಲು ಬಿಗಿದು, ದಡದುದ್ದಕ್ಕೂ ಓಡುತ್ತ ಏರಿ ಎಲ್ಲಿ ಒಡೆದಿದೆಯೆಂದು ಹುಡುಕುತ್ತಿದ್ದ. "ಮುಳ್ ಕಂಪೆ ತನ್ನಿ, ಮಣ್ ತನ್ನಿ" ಎನ್ನುತ್ತಿದ್ದ. ಅಬ್ಬಿಗೆರೆಯ ಜನಕ್ಕೆ ಅಷ್ಟು ಸಾಕಾಯಿತು. ಕೇದಿಗೆ ಪೊದೆಗೆ ಬಿದ್ದು ಎಲೆ ಕಿತ್ತರು, ಟವಲಿನಲ್ಲಿ ಮರಳು ತುಂಬಿದರು. ಭೂಗೋಳದ ಪಾಠದಲ್ಲಿ ಉಬ್ಬರ ಇಳಿತ ಎಂದು ಎಂಟು ವರ್ಷ ಪಾಠ ಮಾಡಿದ್ದ ನಾನೂ ಟವಲಿನಲ್ಲಿ ಎರಡು ಸಲ ಮರಳು ಹೊತ್ತೆ. ಈಗಲೂ ನೆನೆದರೆ ಕಿವಿ ಬಿಸಿಯಾಗುತ್ತದೆ.

ಕೆಸರಿನಲ್ಲಿ ಚಿಪ್ಪು ಹೆಕ್ಕುತ್ತಿದ್ದ ಒಬ್ಬ ಹೆಂಗಸು ಸೊಂಟಕ್ಕೆ ಕೈಕೊಟ್ಟು ನಮ್ಮನ್ನೇ ನೋಡುತ್ತಿದ್ದಳು.

"ಎಂತ ಮಾಡ್ತಿದ್ರಿ ನೀವು? ಇದು ಇಳಿತ ಅಲ್ದಾ. ದಿನಕ್ಕೆ ಎರಡ್ ಸಲ ಹೋಗ್ತದೆ, ಬರ್ತದೆ."

ಎಲ್ಲರೂ ನಿಂತರು. ಮುನಿನಾರಾಯಣಪ್ಪನ ಕಣ್ಣು ಹೊಳೆದವು.

"ದಿನಕ್ಕೆ ಎಲ್ಡ್ ಸಲ ಓಗ್ತದಂತೆ ಬ್ಯಾಟರಾಯಪ್ಪ. ಅತ್ ದಿನ ಇಲ್ಲೇ ಇದ್ದೋನ್ಗೆ ಒಂದ್ ಸಲಾನೂ ಕಾಣ್ಲಿಲ್ವಾ?"

ಬ್ಯಾಟರಾಯಪ್ಪ ಕೈಯಲ್ಲಿದ್ದ ಮರಳನ್ನು ಕೆಳಗೆ ಬಿಟ್ಟು ಅಲ್ಲೇ ಕುಳಿತ.

"ನಾನ್ ಬಂದೇ ಇರ್ಲಿಲ್ಲ ಕಣಪ್ಪ. ಆಸ್ಪತ್ರೇಲಿದ್ದೆ. ಮೂಲವ್ಯಾಧಿ ಕೊಯ್ಸ್ಕಂಡೆ. ಏಳಕ್ ನಾಚ್ಕೆ ಆಯ್ತು" ಎಂದ. "ಉಗಾದಿಗೆ ತೂಬು ನೀವೇ ತಗಳಿ."

ಯಾರೂ ನಗಲಿಲ್ಲ. ಆಗ ನಮ್ಮ ಗುಂಪಿನ ಮಾರಕ್ಕ ಮುಂದೆ ಬಂದಳು. ಒಂಟಿ ಹೆಂಗಸು, ಅವಳ ಗದ್ದೆ ಕಾಲುವೆಯ ಕಟ್ಟಕಡೆಗೆ, ನೀರು ಮುಟ್ಟಿದರೆ ಮುಟ್ಟಿತು ಅನ್ನುವಂಥ ಜಾಗದಲ್ಲಿ. ಆಕೆ ಮುನಿನಾರಾಯಣಪ್ಪನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಮಂಡಿಯವರೆಗೆ ಕೆಸರು, ತೋಳಿನ ತುಂಬ ಗೀರು, ಎದೆಗವಚಿಕೊಂಡ ಒಂದು ಹೊರೆ ಕೇದಿಗೆ ಎಲೆ.

"ಇವ್ನು ಸುಳ್ಳ ಅಂತ ತೋರ್ಸಕ್ಕೆ ತಾನೇ ನೀನ್ ಇಲ್ಲೀಗಂಟ ಬಂದಿದ್ದು?" ಎಂದಳು. "ಮತ್ತೆ ಇವ್ನು ನೀರ್ ಓಗ್ತಾ ಐತೆ ಅಂದ್ ತಕ್ಷಣ ನೀನು ನಿಜವಾ ಅಂತ ನೋಡ್ದಾ? ಯಾರ್ನಾರ ಕೇಳ್ದಾ? ನಮ್ಗಿಂತ ಮುಂದಾಗಿ ಮುಳ್ಳ್ ಕೀಳಕ್ ಓಡ್ದಲ್ಲಪ್ಪ."

ಮುನಿನಾರಾಯಣಪ್ಪ ತನ್ನ ರಕ್ತ ಬರುತ್ತಿದ್ದ ಕೈಗಳನ್ನು ನೋಡಿಕೊಂಡ. ಆಮೇಲೆ ಎಲೆಯ ಹೊರೆಯನ್ನು ಮರಳಿನ ಮೇಲಿಟ್ಟು, ಬ್ಯಾಟರಾಯಪ್ಪನ ಪಕ್ಕದಲ್ಲಿ ಹೋಗಿ ಕುಳಿತ.

"ನನ್ ಗದ್ದೇಗೆ ನೀರು ಯಾವತ್ ಬಿಡ್ತೀಯ?" ಎಂದು ಕೇಳಿದ.

"ಸುಕ್ರವಾರ" ಎಂದ ಬ್ಯಾಟರಾಯಪ್ಪ.